ಸುಟ್ಟ ಅರಳೆ, ಒಂದು ಲವಂಗ

ನಮ್ಮ ಮನೆಯಲ್ಲಿ ಅಪ್ಪ ಬಿಟ್ಟುಹೋದ ಒಂದು ಮಾತಿದೆ: ಮೂಗು ಒಪ್ಪದೆ ಸೂಜಿ ಎತ್ತಬೇಡ.

ನಾವು ಹಾಸಿಗೆ ಹೊಲಿಯುವವರು. ಯಾರಾದರೂ ನಮ್ಮ ಅಂಗಡಿಯಲ್ಲಿ ನಿಂತು "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂದರೆ ಅಪ್ಪನಿಗೆ ರೇಗುತ್ತಿತ್ತು. "ಕಾಲು ಇದ್ದಷ್ಟು ಹಾಸಿಗೆ ಹೊಲಿಯೋಕೆ ನಾವಿಲ್ವಾ?" ಎನ್ನುತ್ತಿದ್ದರು. ಜನ ತಮ್ಮ ಹಳೆಯ ಹಾಸಿಗೆಗಳನ್ನು ತಂದು ಹಾಕುತ್ತಾರೆ. ನಾವು ಅದರ ಹೊಲಿಗೆ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಹೊರಗೆಳೆದು, ಬಿಸಿಲು ತೋರಿಸಿ, ಹಿಂಜುವ ಯಂತ್ರಕ್ಕೆ ಕೊಟ್ಟು ಹಗುರ ಮಾಡಿ, ಮತ್ತೆ ತುಂಬಿ ಹೊಲಿದು ಕೊಡುತ್ತೇವೆ. ಹಳೆಯ ಅರಳೆಯಲ್ಲಿ ಏನೇನೋ ಸಿಗುತ್ತದೆ. ಗುಂಡಿ, ಪಿನ್ನು, ಓಲೆಯ ತಿರುಪು, ಒಮ್ಮೆ ಒಂದು ಮಗುವಿನ ಹಲ್ಲು. ಕಬ್ಬಿಣದ ಚೂರೊಂದು ಕಣ್ತಪ್ಪಿ ಯಂತ್ರದ ಮುಳ್ಳುಗಳಿಗೆ ಸಿಕ್ಕಿತೋ, ಕಿಡಿ ಹಾರುತ್ತದೆ.

ಅರಳೆಯೊಳಗೆ ಬಿದ್ದ ಕಿಡಿ ಭಗ್ಗೆಂದು ಹೊತ್ತಿಕೊಂಡರೆ ಒಳ್ಳೆಯದೇ, ನೀರು ಎರಚಬಹುದು. ಆದರೆ ಅದು ಹೊತ್ತಿಕೊಳ್ಳುವುದಿಲ್ಲ. ಗೆದ್ದಲಿನಂತೆ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಹೊರಗೆ ಹೊಗೆಯಿಲ್ಲ, ಮುಟ್ಟಿದರೆ ಬಿಸಿಯಿಲ್ಲ. ಕೆಲವು ಸಲ ಮರುದಿನದವರೆಗೂ ಸುಮ್ಮನಿದ್ದು ಆಮೇಲೆ ಬಾಯಿ ತೆರೆಯುತ್ತದೆ. ಅದನ್ನು ಹಿಡಿಯುವುದು ಮೂಗೊಂದೇ. ಅದಕ್ಕೇ ಹಿಂಜಿದ ಅರಳೆಯನ್ನು ಗುಡ್ಡೆ ಹಾಕಿ ಸ್ವಲ್ಪ ಹೊತ್ತು ಬಿಡಬೇಕು. ಆಮೇಲೆ ಕೈ ಹಾಕಿ ಗುಳಿ ತೋಡಿ, ಅದರೊಳಗೆ ಮುಖವಿಟ್ಟು ಮೂಸಬೇಕು. ಮೂಗು ಸರಿ ಎಂದರೆ ಮಾತ್ರ ದಬ್ಬಳಕ್ಕೆ ದಾರ.

ಮೂಸುವ ಕೆಲಸ ನನ್ನ ಅತ್ತಿಗೆಯದು. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲೇ ಅಪ್ಪ ಅವಳ ಮೂಗನ್ನು ಗುರುತಿಸಿದ್ದರು. ಯಾವ ಹಾಸಿಗೆಯ ಮೇಲೆ ಕಾಯಿಲೆಯವರು ಮಲಗಿದ್ದರು, ಯಾವುದರ ಕೆಳಗೆ ಇಲಿ ಮರಿ ಹಾಕಿತ್ತು, ಯಾವ ಮನೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಮಲಗುತ್ತಾರೆ, ಎಲ್ಲ ಹೇಳುತ್ತಿದ್ದಳು. ಕೊನೆಯದನ್ನು ಮೆಲ್ಲಗೆ, ನನ್ನ ಕಿವಿಗೆ ಮಾತ್ರ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೇ ವಾಸನೆಗೆ ಅಲ್ಲಿ ಜಾಗ ಸಿಕ್ಕಿಲ್ಲ ಎಂದು ಅತ್ತಿಗೆ ಸೇರಿಸುತ್ತಿದ್ದಳು. ಹೀಗಾಗಿ ಮೂಗು ಅವಳದು, ಹೊಲಿಗೆ ನನ್ನದು, ಯಂತ್ರ ನನ್ನ ಅಣ್ಣನದು.

ಮೊದಮೊದಲು ಅವಳನ್ನು ನೀವು ಎನ್ನುತ್ತಿದ್ದೆ. ಮೊದಲನೆಯ ಜಗಳದಲ್ಲಿ ಅದು ನೀನು ಆಯಿತು, ಮತ್ತೆ ವಾಪಸು ಹೋಗಲಿಲ್ಲ. ಅವಳು ನನ್ನನ್ನು ಪುಟ್ಟಿ ಎನ್ನುತ್ತಾಳೆ. ತಲೆ ಅರ್ಧ ಬೆಳ್ಳಗಾಗಿದೆ, ಈಗಲೂ ಪುಟ್ಟಿಯೇ. ನಾನು ಮದುವೆಯಾಗದೆ ಉಳಿದವಳು. ಯಾಕೆಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದೇನೆ, ಯಾವುದೂ ನಿಜವಲ್ಲ. ನಿಜವೆಂದರೆ ಈ ಮನೆ ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಅಣ್ಣ ಇದ್ದ.

ಅಣ್ಣನಿಗೊಂದು ವಾಸನೆಯಿತ್ತು. ಯಂತ್ರದ ಪಕ್ಕ ಇದ್ದೂ ಇದ್ದೂ ಅವನ ಅಂಗಿಗೆ ಕೊಂಚ ಸೀದ ಅರಳೆಯ ವಾಸನೆ ಅಂಟಿಕೊಂಡಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಊಟವಾದ ಮೇಲೆ ಅವನಿಗೆ ಒಂದು ಲವಂಗ ಬೇಕು. ಊಟವಾಗದೆ ಮುಟ್ಟುತ್ತಿರಲಿಲ್ಲ. ತಗಡಿನ ಸಣ್ಣ ಡಬ್ಬಿ ಯಂತ್ರದ ಮೇಲಿನ ಗೂಡಿನಲ್ಲಿರುತ್ತಿತ್ತು. ಡಬ್ಬಿಯ ಟಿಕ್ ಸದ್ದು ಕೇಳಿದರೆ ಅಣ್ಣನ ಊಟ ಮುಗಿಯಿತೆಂದು ಲೆಕ್ಕ. ಸುಟ್ಟ ಅರಳೆ, ಅದರ ಹಿಂದೆ ಒಂದು ಲವಂಗ. ಕಣ್ಣು ಕಟ್ಟಿ ಸಂತೆಯಲ್ಲಿ ಬಿಟ್ಟಿದ್ದರೂ ನಾವಿಬ್ಬರೂ ಅವನನ್ನು ಹುಡುಕುತ್ತಿದ್ದೆವು.

ಧೂಳು ಅವನ ಎದೆಯನ್ನು ತಿಂದಿತು. ಕೊನೆಯ ತಿಂಗಳುಗಳಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಅತ್ತಿಗೆ ಅನ್ನವನ್ನು ಗಂಜಿ ಮಾಡಿ, ಗಂಜಿಯನ್ನು ನೀರು ಮಾಡಿ ಚಮಚದಲ್ಲಿ ಹಿಡಿದರೂ ಅವನು ತಲೆ ಪಕ್ಕಕ್ಕೆ ತಿರುಗಿಸುತ್ತಿದ್ದ. ಹಸಿದ ಹೊಟ್ಟೆಯಲ್ಲೇ ಹೋದ. ಲವಂಗದ ಡಬ್ಬಿ ಗೂಡಿನಲ್ಲಿ ಮುಚ್ಚಿದಂತೆಯೇ ಉಳಿಯಿತು. "ಉಣ್ಣದೆ ಹೋದ್ರು ಪುಟ್ಟಿ" ಎಂದು ಅತ್ತಿಗೆ ಹೇಳುತ್ತಿದ್ದಳು. ಸತ್ತರು ಎನ್ನುತ್ತಿರಲಿಲ್ಲ, ಉಣ್ಣದೆ ಹೋದ್ರು ಎನ್ನುತ್ತಿದ್ದಳು.

ಅದಾದ ವರ್ಷ ಎಲ್ಲರ ಮನೆಗೂ ಬಂದ ಜ್ವರ ನಮ್ಮ ಮನೆಗೂ ಬಂತು. ನನ್ನ ಮೂಗು ಕೆಲವು ದಿನ ಸತ್ತಂತಿದ್ದು ಆಮೇಲೆ ಎದ್ದಿತು. ಅತ್ತಿಗೆಯದು ಏಳಲಿಲ್ಲ. ಅದು ನಮಗೆ ತಿಳಿದದ್ದು ಬೆಕ್ಕು ಉಚ್ಚೆ ಹೊಯ್ದ ಒಂದು ಹಾಸಿಗೆಯಿಂದ. ಅದನ್ನು ಬಿಚ್ಚಿದ ಕೂಡಲೇ ನಾನು ಸೆರಗು ಮೂಗಿಗೆ ಒತ್ತಿಕೊಂಡು ಬೀದಿಗೆ ಓಡಿದೆ. ತಿರುಗಿ ನೋಡಿದರೆ ಅತ್ತಿಗೆ ಆ ಅರಳೆಯನ್ನು ತೊಡೆಯ ಮೇಲೆ ಹಾಕಿಕೊಂಡು ಆರಾಮಾಗಿ ಬಿಡಿಸುತ್ತಿದ್ದಾಳೆ. ನನ್ನ ಮುಖ ನೋಡಿ ಅವಳ ಕೈ ನಿಂತಿತು. ಅರಳೆಯನ್ನು ಎತ್ತಿ ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಏನಿದೆ ಇದ್ರಲ್ಲಿ?" ಎಂದಳು. ಆ ಧ್ವನಿ ನನಗೆ ಇನ್ನೂ ಕೇಳಿಸುತ್ತದೆ.

ಊಟವೂ ಕೆಟ್ಟಿತು. ಉಪ್ಪಿಗಿಂತ ರುಚಿಯಿಲ್ಲ ಎನ್ನುತ್ತಾರಲ್ಲ, ಅತ್ತಿಗೆ ಅದನ್ನು ಅಕ್ಷರಶಃ ನಂಬಿ ನಾನು ಮಾಡಿದ ಅಡುಗೆಗೆಲ್ಲ ಮೇಲಿಂದ ಉಪ್ಪು ಸುರಿದುಕೊಳ್ಳತೊಡಗಿದಳು. ನನಗೆ ಮೈಯೆಲ್ಲ ಉರಿಯಿತು. "ನನ್ನ ಕೈ ಅಡುಗೆ ಅಷ್ಟು ಕೆಟ್ಟದಾಗಿದ್ರೆ ನೀನೇ ಮಾಡ್ಕೋ" ಎಂದೆ. ಅವಳು ತಟ್ಟೆ ಸರಿಸಿದಳು. "ಕೋಪ ಮಾಡ್ಕೋಬೇಡ್ವೇ. ಅರಳೆ ಅಗಿದ ಹಾಗಿದೆ ಅಷ್ಟೆ. ಬಿಸಿ ಅರಳೆ, ತಣ್ಣಗಿನ ಅರಳೆ, ಉಪ್ಪಿನ ಅರಳೆ." ಆಮೇಲೆ ನಗಲು ನೋಡಿದಳು. ರವಿಕೆಯ ತೋಳು ಸಡಿಲವಾಗುತ್ತಾ ಹೋಯಿತು. ಈ ಮನೆಯಲ್ಲಿ ಇನ್ನೊಬ್ಬರು ಉಣ್ಣದೆ ಹೋಗುತ್ತಾರೆ ಎಂಬ ಹೆದರಿಕೆ ನನಗೆ ಹಿಡಿದದ್ದು ಆಗಲೇ.

ಮೂಸುವ ಕೆಲಸ ನನಗೆ ಬಂತು. ಮಾಡಿದೆ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ.

ಹೀಗಿರುವಾಗ ಒಂದು ಸಂಜೆ ಅಂಗಡಿಯ ಷಟರು ಅರ್ಧ ಇಳಿಸಿ, ಇಬ್ಬರೂ ಎದುರುಬದುರು ಕೂತು ಒಂದು ದೊಡ್ಡ ಹಾಸಿಗೆಗೆ ಗಂಟು ಹಾಕುತ್ತಿದ್ದೆವು. ನಾನು ದಬ್ಬಳ ಮೇಲಿಂದ ತೂರಿಸುವುದು, ಅವಳು ಕೆಳಗಿನಿಂದ ಎಳೆಯುವುದು. ದಾರ ಎಳೆಯುವ ಕೈ ನಿಂತಿತು. ಅವಳು ಯಂತ್ರದ ಕಡೆ ನೋಡುತ್ತಿದ್ದಳು. ಯಂತ್ರ ನಿಂತಿತ್ತು, ಅದರ ಮೇಲೆ ಗೋಣಿಪಟ್ಟೆ ಹೊದಿಸಿತ್ತು.

"ಪುಟ್ಟೀ" ಎಂದಳು ಮೆಲ್ಲಗೆ. "ನಿಮ್ಮಣ್ಣ ಬಂದ್ರು."

ನಾನು ತಿರುಗಿ ಯಂತ್ರದ ಕಡೆ ನೋಡಿದೆ. "ಏನಂದೆ?"

"ಸುಟ್ಟ ಅರಳೆ. ಹಿಂದೇನೇ ಲವಂಗ. ಇಲ್ಲೇ ನಿಂತಿದಾರೆ. ನಿನಗೆ ಬರ್ತಿಲ್ವಾ?"

ನಾನು ಮೂಗು ಎತ್ತಿ ಎಳೆದೆ. ಯಂತ್ರದ ಗ್ರೀಸು, ಧೂಳು, ನನ್ನದೇ ಬೆವರು. ಎದ್ದು ಅರಳೆಯನ್ನೆಲ್ಲ ಮೂಸಿ ನೋಡಿದೆ. ಕಿಡಿಯೂ ಇಲ್ಲ, ಅಣ್ಣನೂ ಇಲ್ಲ. ಅತ್ತಿಗೆ ಮಾತ್ರ ಕಣ್ಣು ಮುಚ್ಚಿ, ಯಾರದೋ ಕೈ ತಲೆ ಸವರಿದಂತೆ ಕೂತಿದ್ದಳು. ಅಂಥ ಮುಖವನ್ನು ನಾನು ಬಹಳ ಕಾಲದಿಂದ ನೋಡಿರಲಿಲ್ಲ.

ಆಮೇಲೆ ಅವನು ಬರುತ್ತಲೇ ಇದ್ದ. ಹೆಚ್ಚಾಗಿ ಸಂಜೆ, ಷಟರು ಇಳಿಯುವ ಹೊತ್ತಿಗೆ. ಕೆಲವು ಸಲ ಅಡುಗೆಮನೆಯಲ್ಲಿ, ಒಮ್ಮೆ ಬಚ್ಚಲಿನ ಬಾಗಿಲಲ್ಲಿ. ಎಲ್ಲಿದ್ದರೂ ಅತ್ತಿಗೆ ಕೆಲಸ ನಿಲ್ಲಿಸಿ, "ಬಂದ್ರಾ" ಎಂದು ಅವನ ಕಡೆಗೆ ಹೇಳುವಳು. ಕೂದಲು ಸರಿಮಾಡಿಕೊಳ್ಳುವಳು. ನನಗೆ ಹೆದರಿಕೆಯಾಗುತ್ತಿತ್ತು ಎಂದರೆ ಅದು ಅರ್ಧ ನಿಜ. ಹೊಟ್ಟೆಕಿಚ್ಚು ಅದಕ್ಕಿಂತ ಹೆಚ್ಚಿತ್ತು. ಅವನನ್ನು ಅಣ್ಣ ಎಂದು ಕರೆದವಳು ನಾನು, ಅವಳು ಈ ಮನೆಗೆ ಕಾಲಿಡುವ ಎಷ್ಟೋ ಮೊದಲಿನಿಂದ. ನನ್ನ ಮೂಗು ಗಟ್ಟಿಯಾಗಿ ಇದೆ. ಆದರೂ ಅವನು ಬರುವುದು ಸತ್ತ ಮೂಗಿಗೆ. ಇದೆಂಥ ನ್ಯಾಯ?

ಜಗಳವಾಡಿ, ಅತ್ತು, ಊಟ ಬಿಡುತ್ತೇನೆಂದು ಹೆದರಿಸಿ ಅವಳನ್ನು ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಹೆಂಗಸು, ಅವತ್ತು ಅವರಿಗೇ ನೆಗಡಿ. ಕರವಸ್ತ್ರ ಹಿಡಿದುಕೊಂಡೇ ಅತ್ತಿಗೆಯ ಮೂಗಿನೊಳಗೆ ದೀಪ ಬಿಟ್ಟು ನೋಡಿದರು, ತಲೆನೋವು ಇದೆಯಾ, ಕೈಕಾಲು ಸೆಳೆತ ಇದೆಯಾ ಎಂದೆಲ್ಲ ಕೇಳಿದರು. ಅವಸರ ಮಾಡಲಿಲ್ಲ.

"ನಾಲಿಗೆಗೆ ಗೊತ್ತಿರೋದು ಉಪ್ಪು, ಹುಳಿ, ಸಿಹಿ, ಕಹಿ ಇಂಥ ನಾಲ್ಕೈದೇ ವಿಷಯ. ಮಿಕ್ಕಿದ್ದೆಲ್ಲ ಮೂಗು ಹೇಳಿಕೊಡೋದು. ಜ್ವರದಲ್ಲಿ ನಿಮ್ಮ ಮೂಗಿನ ನರಕ್ಕೆ ಪೆಟ್ಟು ಬಿದ್ದಿದೆ. ಅದಕ್ಕೇ ಊಟ ಸಪ್ಪೆ. ಉಪ್ಪು ಸುರ್ಕೋಬೇಡಿ, ಸುಮ್ನೆ ರಕ್ತದೊತ್ತಡ ಏರುತ್ತೆ. ಹುಳಿ ಹಿಂಡ್ಕೊಳ್ಳಿ, ಕರುಂ ಕುರುಂ ಅನ್ನೋದು ತಿನ್ನಿ, ಬಿಸಿ ಜೊತೆ ತಣ್ಣಗಿನದು ಇಟ್ಕೊಳ್ಳಿ. ಬಾಯಿಗೆ ಬೇರೆ ಏನಾದ್ರೂ ಕೆಲಸ ಕೊಡಿ."

"ಮತ್ತೆ ಆ ವಾಸನೆ?" ಎಂದೆ ನಾನು.

"ಬಾಗಿಲಲ್ಲಿ ಯಾರೂ ಇರಲ್ಲ, ಕರೆಗಂಟೆ ತಾನೇ ಹೊಡ್ಕೊಳ್ಳುತ್ತೆ ನೋಡಿ, ಹಾಗೆ. ತಂತಿ ಕೆಟ್ಟಿರುತ್ತೆ. ಸುಟ್ಟ ವಾಸನೆ ಬರುತ್ತೆ ಅಂತ ಬೇಕಾದಷ್ಟು ಜನ ಹೇಳ್ತಾರೆ."

"ಯಾರೂ ಇಲ್ಲ ಅಂತ ಬಾಗಿಲು ತೆಗೀದೆ ಹೇಗೆ ಹೇಳೋದು?" ಎಂದಳು ಅತ್ತಿಗೆ.

ಡಾಕ್ಟರು ಕರವಸ್ತ್ರ ಕೆಳಗಿಟ್ಟರು. "ನೀವು ತೆಗೆದು ನೋಡಿದ್ರಾ?"

"ದಿನಾ ತೆಗೀತೀನಿ."

ಅವರು ನಗಲಿಲ್ಲ. ಒಂದು ಅಭ್ಯಾಸ ಹೇಳಿಕೊಟ್ಟರು. ನಾಲ್ಕು ಶೀಶೆಯಲ್ಲಿ ಗುಲಾಬಿ, ನಿಂಬೆ, ನೀಲಗಿರಿ ಎಣ್ಣೆ, ಲವಂಗ. ಬೆಳಿಗ್ಗೆ ಸಂಜೆ ಒಂದೊಂದನ್ನೇ ಮೂಸಿ, ಅದು ಮೊದಲು ಹೇಗಿತ್ತೆಂದು ನೆನಪು ಮಾಡಿಕೊಳ್ಳಬೇಕು. ತಿಂಗಳುಗಟ್ಟಲೆ ಮಾಡಬೇಕು. ಪೂರ್ತಿ ಸರಿಹೋಗುತ್ತದೆ ಎಂದು ಮಾತು ಕೊಡಲಾರೆ, ಆದರೆ ಬಹಳ ಜನಕ್ಕೆ ಅಷ್ಟೋ ಇಷ್ಟೋ ಬಂದಿದೆ ಎಂದರು. ಒಲೆಯ ಗ್ಯಾಸು, ಹಳಸಿದ ಅನ್ನ, ಹೊಗೆ, ಇವುಗಳ ವಿಷಯದಲ್ಲಿ ಮಾತ್ರ ನಿಮ್ಮ ಮೂಗನ್ನು ನಂಬಬೇಡಿ, ಇವರನ್ನು ಕೇಳಿ ಎಂದು ನನ್ನ ಕಡೆ ಕೈ ತೋರಿಸಿದರು.

ಏಳುವಾಗ ಅತ್ತಿಗೆ ಕೇಳಿದಳು: "ಮೂಗು ಸರಿಯಾದ್ರೆ, ಆ ಸುಟ್ಟ ವಾಸನೆ?"

"ಸಾಮಾನ್ಯವಾಗಿ ಅದು ನಿಂತುಹೋಗುತ್ತೆ" ಎಂದರು ಡಾಕ್ಟರು, ಒಳ್ಳೆಯ ಸುದ್ದಿ ಹೇಳುವವರಂತೆ.

ಅಂಗಡಿಯ ಬೀಗ ತೆಗೆಯುತ್ತಾ ಅತ್ತಿಗೆ, "ಹಾಗಾದ್ರೆ ನನಗೆ ಬೇಡ" ಎಂದಳು. ನಾನು ಶೀಶೆ ತಂದೆ, ತೊಳೆದು ಒಣಗಿಸಿದೆ, ಗುಲಾಬಿ ನಿಂಬೆ ಎಲ್ಲ ಹೊಂದಿಸಿದೆ. ಅವಳು ಅದರ ಕಡೆ ನೋಡಲೂ ಇಲ್ಲ. ಗೂಡಿನಲ್ಲಿದ್ದ ಅಣ್ಣನ ಲವಂಗದ ಡಬ್ಬಿಗೆ ನಾನು ಕೈ ಹಾಕಿದಾಗ ನನ್ನ ಮಣಿಕಟ್ಟು ಹಿಡಿದಳು. ಅವಳಿಗೆ ಅಷ್ಟು ಶಕ್ತಿಯಿದೆಯೆಂದು ನನಗೆ ಗೊತ್ತಿರಲಿಲ್ಲ.

"ಮೂಗು ಬಂದ್ರೆ ಅವರು ಹೋಗ್ತಾರೆ. ಒಂದು ಸಲ ಕಳಿಸಿದೀನಿ. ಇನ್ನೊಂದು ಸಲ ನನ್ನ ಕೈಯಲ್ಲಿ ಆಗಲ್ಲ ಪುಟ್ಟಿ."

ಅವಳು ಉಣ್ಣಬೇಕೆಂದರೆ ಅಣ್ಣ ಹೋಗಬೇಕು. ಅಣ್ಣ ಇರಬೇಕೆಂದರೆ ಅವಳು ಹೀಗೇ ಕರಗಬೇಕು. ಡಬ್ಬಿ ಗೂಡಿನಲ್ಲೇ ಉಳಿಯಿತು.

ಅಂಚೆಯಣ್ಣನ ಅಮ್ಮನ ಹಾಸಿಗೆ ಬಂದದ್ದು ಚಳಿಗಾಲದಲ್ಲಿ. ಅಂಚೆಯಣ್ಣ ನಮ್ಮ ಬೀದಿಗೆ ಕಾಗದ ಹಂಚುವವನು. ಅವನ ಅಮ್ಮನಿಗೆ ಸೊಂಟ ನೋವು, ಗಂಟುಗಂಟಾದ ಹಾಸಿಗೆಯಲ್ಲಿ ಮಲಗಲು ಆಗುತ್ತಿರಲಿಲ್ಲ. ಅರಳೆಯನ್ನು ಹಿಂಜಿ, ನಾನು ಮೂಸಿ, ಸರಿಯಿದೆ ಎಂದೆ. ತುಂಬುವಾಗ ಸ್ವಲ್ಪ ಕಡಿಮೆ ಬಿತ್ತು. ಹಾಸ್ಟೆಲ್ಲಿಗೆ ದಿಂಬುಗಳನ್ನು ಕೊಟ್ಟು ಬರಲು ನಾನು ಹೊರಟಿದ್ದೆ. "ನಾನು ಬಂದ ಮೇಲೆ ನೋಡೋಣ" ಎಂದು ಹೋದೆ. ಅಷ್ಟರಲ್ಲಿ ಅಂಚೆಯಣ್ಣ ಬಂದ. ಅಮ್ಮ ಕುರ್ಚಿಯಲ್ಲೇ ಕೂತಿದಾಳೆ, ಇವತ್ತಾದರೂ ಕೊಡಿ ಎಂದು ಅಂಗಲಾಚಿದ. ಅತ್ತಿಗೆ ಮೂಲೆಯಲ್ಲಿದ್ದ ಒಂದಿಷ್ಟು ಹಳೆಯ ಅರಳೆಯನ್ನು ಯಂತ್ರಕ್ಕೆ ಕೊಟ್ಟು ಹಿಂಜಿದಳು. ಮನೆಯ ಮಾತು ಮರೆಯದೆ ಗುಳಿ ತೋಡಿ ಮುಖವಿಟ್ಟಳು. ಸುಟ್ಟ ವಾಸನೆ ಬಂತು.

ಬಂತಲ್ಲ, ಅವಳಿಗೆ ಖುಷಿಯಾಯಿತು. "ಬಂದ್ರಾ" ಎಂದಳಂತೆ. ಅವನೊಡನೆ ಮಾತಾಡುತ್ತಲೇ ಆ ಅರಳೆಯನ್ನು ಹಾಸಿಗೆಗೆ ತುಂಬಿ, ಬಾಯಿ ಹೊಲಿದು, ಅಂಚೆಯಣ್ಣನ ತಲೆಯ ಮೇಲೆ ಹೊರಿಸಿ ಕಳಿಸಿದಳು. ನಾನು ವಾಪಸು ಬಂದಾಗ ಹಾಡು ಗುನುಗುತ್ತಿದ್ದಳು.

ಮಾರನೆಯ ಬೆಳಿಗ್ಗೆ ಅಂಚೆಯಣ್ಣ ತಳ್ಳುಗಾಡಿಯಲ್ಲಿ ಆ ಹಾಸಿಗೆಯನ್ನು ವಾಪಸು ತಂದ. ನಡುವೆ ತಲೆ ಹಿಡಿಸುವಷ್ಟು ದೊಡ್ಡ ಕಪ್ಪು ತೂತು. ನೀರು ತೊಟ್ಟಿಕ್ಕುತ್ತಿತ್ತು. ಹಿಂದಿನ ಸಂಜೆ ಹಾಸಿ, ಅಮ್ಮ ಮಲಗುವ ಮೊದಲು ರೇಡಿಯೋ ಕೇಳುತ್ತಾ ಕೂತಿದ್ದಾಗ ನಡುವಿನಿಂದ ಹೊಗೆ ಎದ್ದಿತಂತೆ. ಅಂಗಳಕ್ಕೆ ಎಳೆದು ಹಾಕಿ ನೀರು ಸುರಿದರೂ ಒಳಗೆ ಆರದೆ, ಹರಿದು ಹರಿದು ಆರಿಸಬೇಕಾಯಿತಂತೆ. ಅವನು ಬೈಯಲಿಲ್ಲ. "ಅಮ್ಮ ಇನ್ನೂ ಮಲಗಿರ್ಲಿಲ್ಲ ಅಕ್ಕಾ" ಎಂದು ಹೇಳಿ ಹಾಸಿಗೆಯನ್ನು ನಮ್ಮ ಹೊಸ್ತಿಲಲ್ಲಿ ಇಳಿಸಿ ಹೋದ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ, ಮನಸ್ಸು ಹಗುರಾಗುತ್ತಿತ್ತು.

ಅತ್ತಿಗೆ ಆ ತೂತಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಕರಿ ಅರಳೆಯನ್ನು ಬೆರಳಿನಲ್ಲಿ ತಿಕ್ಕಿದಳು.

"ನಿನ್ನೆ ಬಂದಿತ್ತು ವಾಸನೆ. ನಾನು ಅವರು ಅಂದ್ಕೊಂಡೆ."

ನಾನು ಅವಳ ಪಕ್ಕ ಕೂತೆ.

"ಲವಂಗ ಇರ್ಲಿಲ್ಲ ಪುಟ್ಟಿ. ಈಗ ಯೋಚನೆ ಮಾಡಿದ್ರೆ ಗೊತ್ತಾಗ್ತಿದೆ. ಬರೀ ಸುಟ್ಟಿದ್ದು. ಲವಂಗಾನ ನಾನೇ ಸೇರಿಸ್ಕೊಂಡೆ." ಕರಿಯಾದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಮಲಗಿದ್ರೆ ಏನಾಗ್ತಿತ್ತು?"

ಅವತ್ತೇ ಇಬ್ಬರೂ ಅಂಚೆಯಣ್ಣನ ಮನೆಗೆ ಹೋದೆವು. ನನ್ನ ಹಾಸಿಗೆಯನ್ನೇ ಸುತ್ತಿ ತಲೆಯ ಮೇಲಿಟ್ಟುಕೊಂಡು ಹೋದೆ. ಅತ್ತಿಗೆ ಮುದುಕಿಯ ಕಾಲು ಹಿಡಿದುಕೊಂಡು ಏಳಲೇ ಇಲ್ಲ. ಮುದುಕಿ ಅವಳ ತಲೆಯ ಮೇಲೆ ಮೊಟಕಿದಳು. "ಬೆಚ್ಚಗಿರೋ ಹಾಸಿಗೆ ಕೊಡಿ ಅಂದಿದ್ದೆ ನಿಜ. ಇಷ್ಟು ಬೆಚ್ಚಗಲ್ಲ ಕಣೇ." ಅಂಚೆಯಣ್ಣನೂ ನಕ್ಕ. ಅತ್ತಿಗೆ ನಗಲಿಲ್ಲ.

ಮತ್ತೆ ಮೂಗಿನ ಡಾಕ್ಟರ ಹತ್ತಿರ ಹೋದೆವು. ಅವರು ಹೇಳಿದ್ದು ನಮಗೆ ಇನ್ನಷ್ಟು ಚುಚ್ಚಿತು. ಅತ್ತಿಗೆಯ ಮೂಗು ತಾನಾಗಿಯೇ ಒಂದಿಷ್ಟು ತೆರೆದಿರಬಹುದು, ಆ ದಿನದ ವಾಸನೆ ನಿಜವಾದ ಕಿಡಿಯದೇ ಇರಬಹುದು ಎಂದರು. ಅಂದರೆ ಎಷ್ಟೋ ತಿಂಗಳ ನಂತರ ಮೂಗು ಮೊದಲ ಸಲ ನಿಜ ಹೇಳಿತ್ತು. ಅವಳು ಅದನ್ನು ಗಂಡನೆಂದುಕೊಂಡಳು. "ಇನ್ನು ಮೇಲೆ ನಿಮಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಬಂದಾಗೆಲ್ಲ ಬೆಂಕಿ ಅಂತಲೇ ತಿಳ್ಕೊಂಡು ಹುಡುಕಿ" ಎಂದರು. ಹೊಗೆ ಬಂದರೆ ಕೂಗುವ ಒಂದು ಯಂತ್ರ ಹಾಕಿಸಿ ಎಂದರು. ಹಾಕಿಸಿದೆವು. ಅದು ಅರಳೆಯ ಧೂಳಿಗೂ ನನ್ನ ಒಗ್ಗರಣೆಗೂ ಒಂದೇ ಸಮ ಕಿರುಚಿಕೊಳ್ಳುತ್ತಿತ್ತು. ಕೊನೆಗೆ ಅದನ್ನು ಮಲಗುವ ಕೋಣೆಗೆ ಸಾಗಹಾಕಿದೆವು.

ಡಾಕ್ಟರ ಹತ್ತಿರ ಹೋಗಿ ಬಂದ ಮರುದಿನ ಬೆಳಿಗ್ಗೆ ನಾನು ಕಸ ಗುಡಿಸುತ್ತಿದ್ದಾಗ ಟಿಕ್ ಎಂದಿತು. ಪೊರಕೆ ನನ್ನ ಕೈಯಿಂದ ಬಿತ್ತು. ಅಣ್ಣನ ಡಬ್ಬಿ ತೆರೆದಿತ್ತು. ಅತ್ತಿಗೆ ಅದರಿಂದ ಲವಂಗಗಳನ್ನು ಶೀಶೆಗೆ ಸುರಿದು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಏನೂ ಬರ್ತಿಲ್ಲ" ಎಂದಳು. ಸಂಜೆ ಮತ್ತೆ ನಿಂತಳು. ಮಾರನೆಯ ದಿನ ಮತ್ತೆ.

ಅಣ್ಣ ಆಗಲೂ ಬರುತ್ತಿದ್ದ. ಆದರೆ ಈಗ ಅವಳು "ಬಂದ್ರಾ" ಎನ್ನುವಂತಿರಲಿಲ್ಲ. ದಬ್ಬಳ ಕೆಳಗಿಟ್ಟು, "ಪುಟ್ಟೀ, ನಿನಗೆ ಬರ್ತಿದ್ಯಾ?" ಎಂದು ಕೂಗುವಳು. ನಾನು ಮೂಸಿ "ಇಲ್ಲ" ಎನ್ನಬೇಕು. ಆದರೂ ಅರಳೆಯನ್ನೆಲ್ಲ ಹರಡಿ, ಒಲೆ ನೋಡಿ, ತಂತಿ ನೋಡಿ ಬರಬೇಕು. ಅಷ್ಟಾಗುವಾಗ ವಾಸನೆ ಹೋಗಿರುತ್ತಿತ್ತು. ಅವಳು "ಹೂಂ" ಎಂದು ಮತ್ತೆ ಸೂಜಿ ಎತ್ತುವಳು. ದಿನವೂ ಆ "ಇಲ್ಲ" ಹೇಳುವುದು ನನ್ನ ಪಾಲಿಗೆ ಬಂದಿತ್ತು. ಅಣ್ಣ ಬಾಗಿಲಿಗೆ ಬಂದಾಗೆಲ್ಲ ನಾನೇ ಅವನ ಮುಖದ ಮೇಲೆ ಬಾಗಿಲು ಹಾಕಿದಂತೆ. ಒಂದೊಂದು ಸಂಜೆ, ಹೋಗಲಿ, ಬರ್ತಿದೆ ಎಂದುಬಿಡೋಣ ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ಹೊಸ್ತಿಲಲ್ಲಿ ನೀರು ತೊಟ್ಟಿಕ್ಕುತ್ತಿದ್ದ ಆ ಹಾಸಿಗೆ ನೆನಪಾಗಿ ನುಂಗಿಕೊಳ್ಳುತ್ತಿದ್ದೆ.

ಮೊದಲು ಬಂದದ್ದು ನಿಂಬೆ. ಸಣ್ಣಗೆ, ಗೋಡೆಯಾಚೆಯಿಂದ ಬಂದ ಹಾಗೆ ಎಂದಳು. ಆಮೇಲೆ ಯಂತ್ರದ ಗ್ರೀಸು. ಈರುಳ್ಳಿ ಮಾತ್ರ ಕೆಲವು ಕಾಲ ಸುಟ್ಟ ರಬ್ಬರಿನಂತೆ ಬರುತ್ತಿತ್ತು. ಈರುಳ್ಳಿಯಿಲ್ಲದೆ ಅಡುಗೆ ಮಾಡಿದೆ. ಸೌತೆಕಾಯಿಗೆ ನಿಂಬೆ ಹಿಂಡಿ, ಹುರಿದ ಕಡಲೆಕಾಯಿ ಬೀಜ ಕುಟ್ಟಿ ಹಾಕಿ, ಬಿಸಿ ಅನ್ನದ ಪಕ್ಕ ಇಟ್ಟೆ. ಒಂದು ಮಧ್ಯಾಹ್ನ ಅವಳು ತಟ್ಟೆ ಖಾಲಿ ಮಾಡಿ, ಇನ್ನೂ ಇದೆಯಾ ಎಂದಳು. ನಾನು ಬಡಿಸುವ ನೆಪದಲ್ಲಿ ಒಳಗೆ ಹೋಗಿ ಅತ್ತುಬಿಟ್ಟೆ. ಲವಂಗ ಮಾತ್ರ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

"ಬರ್ತಿದ್ಯಾ" ಎಂದು ಅವಳು ಕೇಳುವುದು ನಿಂತಿದೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ಕೇಳಿದೆ. ಅವಳು ಸೌತೆಕಾಯಿ ಅಗಿಯುತ್ತಿದ್ದವಳು ನಿಲ್ಲಿಸಿದಳು.

"ಹೋದ್ರು ಅನ್ಸುತ್ತೆ" ಎಂದಳು. ಮತ್ತೆ ಅಗಿದಳು. ಆ ಕರುಂ ಕುರುಂ ಸದ್ದು ಮನೆಯಲ್ಲೆಲ್ಲ ಕೇಳಿಸಿತು. ಅವನು ಅವಳ ಮೂಗಿನಲ್ಲಾದರೂ ಇದ್ದ, ಈಗ ಎಲ್ಲೂ ಇಲ್ಲ.

ಆಮೇಲೆ ಒಂದು ಸಂಜೆ. ಷಟರು ಅರ್ಧ ಇಳಿಸಿದ್ದೆ. ಅತ್ತಿಗೆ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಹಿಂಜಿದ ಅರಳೆ ಗುಡ್ಡೆಯಾಗಿ ಬಿದ್ದಿತ್ತು, ಮೂಸಿ ಬಿಡೋಣವೆಂದು ಬಗ್ಗಿದೆ. ಬಗ್ಗುವ ಮೊದಲೇ ಬಂತು.

ಸುಟ್ಟ ಅರಳೆ. ಅರಳೆಯ ಗುಡ್ಡೆಯಿಂದಲ್ಲ, ನನ್ನ ಹಿಂದಿನಿಂದ, ಯಂತ್ರದ ಕಡೆಯಿಂದ. ಹೆದರಿಕೆ ಒಂದು ಗಳಿಗೆ ಮಾತ್ರ. ಆಮೇಲೆ ಮೈಯೆಲ್ಲ ಸಡಿಲವಾಯಿತು, ಶಾಲೆಯಿಂದ ಬರುವಾಗ ಕತ್ತಲಾದರೆ ಅವನು ಎದುರಿಗೆ ಬಂದು ನಿಂತಾಗ ಆಗುತ್ತಿದ್ದಂತೆ. ತಿರುಗಲಿಲ್ಲ. ತಿರುಗಿದರೆ ಹೋಗುತ್ತಾನೆ ಅನ್ನಿಸಿತು. "ಅಣ್ಣಾ" ಎಂದೆ.

ಅಲ್ಲೇ ಕೂತುಬಿಡಬೇಕಿತ್ತು. ಅಷ್ಟೇ ಬೇಕಿದ್ದದ್ದು ನನಗೆ, ಇಷ್ಟು ವರ್ಷ. ಆದರೆ ಆ ಗುಡ್ಡೆ ಯಾರದೋ ಮನೆಯ ಹಾಸಿಗೆಗೆ ಹೋಗುವುದು. ಯಾರೋ ಅದರ ಮೇಲೆ ನಂಬಿ ಮಲಗುವರು.

"ಅತ್ತಿಗೇ! ನಿನಗೆ ಬರ್ತಿದ್ಯಾ?"

ಅವಳು ಒದ್ದೆ ಕೈಯಲ್ಲೇ ಓಡಿ ಬಂದಳು. ಗುಳಿ ತೋಡಿ ಮುಖವಿಟ್ಟಳು. ಯಂತ್ರದ ಹತ್ತಿರ ಹೋಗಿ ನಿಂತು ಉಸಿರೆಳೆದಳು. ಬಹಳ ಹೊತ್ತು ನಿಂತಳು.

"ನನಗಿಲ್ಲ. ಆದ್ರೆ ನನ್ನ ಮೂಗು ಲೆಕ್ಕಕ್ಕಿಲ್ಲ. ಬಕೆಟ್ ತಗೊಂಬಾ."

"ಅತ್ತಿಗೆ, ಇದು ಬೆಂಕಿ ಅಲ್ಲ."

"ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದಳು. ಆಗಲೇ ಅರಳೆಯನ್ನು ತಬ್ಬಿ ಎತ್ತಿಕೊಂಡಿದ್ದಳು.

ಎಲ್ಲವನ್ನೂ ಹಿತ್ತಲಿಗೆ ಸಾಗಿಸಿದೆವು. ಹಿಡಿಹಿಡಿಯಾಗಿ ಬಿಡಿಸಿ ನೋಡಿದೆವು. ಯಂತ್ರದ ಪಟ್ಟಿ ಬಿಚ್ಚಿದೆವು, ಒಲೆ ನೋಡಿದೆವು, ತಂತಿಗಳನ್ನು ನೋಡಿದೆವು. ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎನ್ನುತ್ತಾರೆ. ಬೆಂಕಿ ಎಲ್ಲೂ ಇರಲಿಲ್ಲ. ಎಲ್ಲ ಮುಗಿದು ಬೆನ್ನು ನೆಟ್ಟಗೆ ಮಾಡಿದಾಗ ವಾಸನೆಯೂ ಇರಲಿಲ್ಲ. ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ನಾನು ಬಗ್ಗಿ ಕಿಡಿ ಹುಡುಕುತ್ತಿದ್ದೆ.

ಅರಳೆಯ ನಡುವೆ ಕೂತು ಅತ್ತೆ. ಒಂದೇ ಒಂದು ಸಲ ನನ್ನ ಹತ್ತಿರ ಬಂದ. ಬಂದವನಿಗೆ ಬೆನ್ನು ತಿರುಗಿಸಿ ಮನೆಯೆಲ್ಲ ಜಾಲಾಡಿದೆ. ಅತ್ತಿಗೆ ನನ್ನ ಪಕ್ಕದಲ್ಲಿ ಕೂತಳು. ಅವಳ ಕೂದಲಿನಲ್ಲಿ, ಹುಬ್ಬಿನಲ್ಲಿ ಎಲ್ಲ ಅರಳೆ. ಸಮಾಧಾನ ಹೇಳುತ್ತಾಳೆಂದುಕೊಂಡೆ. ಅವಳು ನನ್ನ ಮುಖವನ್ನೇ ಹಸಿದವಳ ಹಾಗೆ ನೋಡುತ್ತಿದ್ದಳು.

"ಲವಂಗ ಇತ್ತಾ?"

ನಾನು ಕಣ್ಣು ಒರೆಸಿಕೊಂಡು ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ, ಬಗ್ಗಿದ ಆ ಗಳಿಗೆಯಲ್ಲಿ ನಿಂತು ನೋಡಿದೆ.

"ಇತ್ತು."

"ಸರಿಯಾಗಿ ಹೇಳು. ನೀನೇ ಸೇರಿಸ್ಕೊಂಡಿಲ್ಲ ತಾನೆ?"

"ಇಲ್ಲ ಅತ್ತಿಗೆ. ಇತ್ತು."

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳುಗಳ ಸಂದಿಯಿಂದ ಬಂದದ್ದು ಅಳುವೋ ನಗುವೋ ನನಗೆ ಮೊದಲು ತಿಳಿಯಲಿಲ್ಲ.

"ಹಾಗಾದ್ರೆ ಊಟ ಮಾಡ್ಕೊಂಡೇ ಬಂದಿದ್ರು ಪುಟ್ಟಿ" ಎಂದಳು.